ಹೊಸ ಪಾಯಿಂಟ್ 32 ರಿವಾಲ್ವರ್: ಉಕ್ಕಿಗೆ ಕೊರತೆಯಿಲ್ಲ, ಕೈಕೆಲಸ ಮಾತ್ರ ಕೇಳಬೇಡಿ

ಇದು ಡಬ್ಬ ಬಿಚ್ಚಿದ ದಿನವೇ ಬರೆದ ವಿಮರ್ಶೆ ಅಲ್ಲ. ಮದ್ದೂರು ಕಡೆ ಊರಾಚೆ ನಮ್ಮ ತೋಟದ ಮನೆ, ಆತ್ಮರಕ್ಷಣೆಗೆಂದು ತೆಗೆದುಕೊಂಡ ಲೈಸೆನ್ಸ್. ದೇಶದಲ್ಲೇ ತಯಾರಾದ ಈ ಆರು ತೋಟಾದ ರಿವಾಲ್ವರ್ ಅದಕ್ಕೆ ಸೇರಿ ವರ್ಷಗಳೇ ಆದವು. ತಯಾರಕರ ಹೆಸರು ಬೇಡ, ಊರಲ್ಲಿ ಸುಮ್ಮನೆ ಯಾಕೆ ರಗಳೆ. ಪಕ್ಕದಲ್ಲಿ ಅಪ್ಪನಿಂದ ಬಂದ ಹಳೇ ಇಂಗ್ಲಿಷ್ ರಿವಾಲ್ವರ್, ವೆಬ್ಲಿ ಅಂಡ್ ಸ್ಕಾಟ್ ಇದೆ. ಅದೂ ಪಾಯಿಂಟ್ 32 (ಗುಂಡಿನ ಅಳತೆ, ಇಂಚಿನ ಲೆಕ್ಕದಲ್ಲಿ), ಬರ್ಮಿಂಗ್‌ಹ್ಯಾಮಿನದ್ದು. ಹಾಗಾಗಿ ಬೇಡವೆಂದರೂ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು ತಪ್ಪುವುದಿಲ್ಲ.

ಒಳ್ಳೆಯದು ಮೊದಲು. ನಳಿಗೆ ಗಟ್ಟಿ, ಗುರಿ ನೇರ, ಶೂಟಿಂಗ್ ರೇಂಜಿನಲ್ಲಿ ತೋಟಾ ಸಿಡಿಯದೆ ಕೈಕೊಟ್ಟಿದ್ದಿಲ್ಲ. ತೂಕವೂ ಹದವಾಗಿದೆ.

ಇನ್ನು ಉಳಿದದ್ದು. ವೆಬ್ಲಿ ಮೇಲೆ ಕೊರೆದ ಅಕ್ಷರಗಳ ಅಂಚು ಇವತ್ತಿಗೂ ಉಗುರಿಗೆ ಸಿಗುತ್ತದೆ. ಹೊಸದರಲ್ಲಿ ಅಕ್ಷರ ಕೊರೆದ ಮೇಲೆ ಯಂತ್ರದ ಬಫ್ ಒತ್ತಿ ಹಿಡಿದಿದ್ದಾರೆ, ಅರ್ಧ ಅಳಿಸಿಹೋಗಿದೆ. ಸ್ಕ್ರೂ ತೂತಿನ ಬಾಯಿ ತಟ್ಟೆಯ ಹಾಗೆ ಹರಡಿಕೊಂಡಿದೆ. ಟ್ರಿಗರಿನ ಒಳ ಅಂಚಿನಲ್ಲಿ ಉಳಿದ ಚೂಪು ಲೋಹದ ಬರ್ ತೆಗೆದೇ ಇಲ್ಲ, ಒಂದು ಸಂಜೆ ಅಭ್ಯಾಸ ಮಾಡಿದರೆ ತೋರುಬೆರಳಲ್ಲಿ ಗೆರೆ ಬೀಳುತ್ತದೆ. ನೀಲಿ ಮೆರುಗಿನ ಬಂಡವಾಳ ಗೊತ್ತಾಗಿದ್ದು ಚುನಾವಣೆ ಸಮಯದಲ್ಲಿ. 2023ರ ವಿಧಾನಸಭೆ, 2024ರ ಲೋಕಸಭೆ, ಎರಡಕ್ಕೂ ಎರಡೂ ರಿವಾಲ್ವರ್ ಠಾಣೆಗೆ ಜಮಾ ಆದವು. ಒಂದೇ ಬೀರು, ಒಂದೇ ಗಾಳಿ, ನಾನೇ ಹಚ್ಚಿದ ಒಂದೇ ಎಣ್ಣೆ. ವೆಬ್ಲಿ ಹೋದ ಹಾಗೇ ಬಂತು. ಹೊಸದರ ಸಿಲಿಂಡರಿನ (ತೋಟಾ ತುಂಬುವ, ತಿರುಗುವ ಉರುಳೆ) ಮೇಲಿನ ತೋಡುಗಳಲ್ಲಿ ಕೆಂಪು ತುಕ್ಕಿನ ಚುಕ್ಕೆ ಎದ್ದಿತ್ತು. ಮೆರುಗು ಹಾಕುವ ಮೊದಲು ಉಕ್ಕನ್ನು ಎಷ್ಟು ನುಣುಪಾಗಿ ಉಜ್ಜಿರುತ್ತಾರೋ ಆ ಮೆರುಗಿಗೆ ಅಷ್ಟೇ ಬಾಳಿಕೆ.

ಇದೆಲ್ಲ ಅಂದಚಂದದ ಮಾತು ಅನ್ನಬಹುದು. ಆದರೆ ಟೈಮಿಂಗ್? ಟ್ರಿಗರ್ ಎಳೆದಾಗ ಸಿಲಿಂಡರ್ ತಿರುಗಿ, ತೋಟಾದ ಕೋಣೆ ನಳಿಗೆಗೆ ನೇರವಾಗಿ ನಿಂತು ಬೀಗ ಬಿದ್ದಮೇಲೇ ತೋಟಾ ಸಿಡಿಸುವ ಹ್ಯಾಮರ್ ಬೀಳಬೇಕು. ನನ್ನದರಲ್ಲಿ ಐದು ಕೋಣೆ ಸರಿ, ಒಂದು ಮಾತ್ರ ತಡ. ನಿಧಾನಕ್ಕೆ ಎಳೆದರೆ ಬೀಗ ಬೀಳುವ ಮೊದಲೇ ಹ್ಯಾಮರ್ ಬೀಳುತ್ತಿತ್ತು. ಹೀಗಾದರೆ ಗುಂಡು ನಳಿಗೆಯ ಅಂಚಿಗೆ ಸವರಿ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ರೇಂಜಿನಲ್ಲಿ ಪಕ್ಕ ನಿಂತವರ ಕೆನ್ನೆಗೆ ಬಡಿದು, ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಮೈಸೂರಿನಲ್ಲಿ ಲೈಸೆನ್ಸ್ ಇರುವ ಬಂದೂಕು ರಿಪೇರಿ ಅಂಗಡಿಗೆ ಒಯ್ದೆ. ವಯಸ್ಸಾದ ಮೇಸ್ತ್ರಿ. ಪಕ್ಕದ ತಟ್ಟೆ ಬಿಚ್ಚಿ ನೋಡಿ, "ಗೌಡ್ರೇ, ಪಾರ್ಟೆಲ್ಲ ಸರಿಯಾಗೇ ಅವೆ, ಒಂದಕ್ಕೊಂದು ಪರಿಚಯ ಮಾಡ್ಸಿಲ್ಲ ಅಷ್ಟೆ" ಅಂದರು. ಸಿಲಿಂಡರನ್ನು ತಳ್ಳುವ ಸಣ್ಣ ಕೊಕ್ಕೆಯನ್ನು ಬೇಕಂತಲೇ ಒಂಚೂರು ದಪ್ಪವಾಗಿ ಹೊಸದಾಗಿ ಮಾಡಿದರು. ಅರದಲ್ಲಿ ಎರಡು ಸಲ ಎಳೆಯುವುದು, ಕೂರಿಸುವುದು, ಆರೂ ಕೋಣೆ ತಿರುಗಿಸುವುದು, ತೆಗೆಯುವುದು, ಮತ್ತೆ ಎಳೆಯುವುದು. ಕೊನೆಗೆ ಅರ ಬಿಟ್ಟು ಎಣ್ಣೆಕಲ್ಲು ಹಿಡಿದರು. ಮಧ್ಯಾಹ್ನದ ಊಟ ಮರೆತು ನಿಂತು ನೋಡಿದೆ.

ಹಿಂದೆ ಈ ಕೆಲಸ ನಡೆಯುತ್ತಿದ್ದದ್ದು ಕಾರ್ಖಾನೆಯ ಒಳಗೇ. ಭಾಗಗಳನ್ನು ಕೊಂಚ ದೊಡ್ಡದಾಗಿ ಮಾಡಿ, ಫಿಟ್ಟರ್ ಅನ್ನುವವನು ಒಂದೊಂದು ರಿವಾಲ್ವರಿಗೂ ಬೇರೆಬೇರೆಯಾಗಿ ಅರ ಹಾಕಿ ಕೂರಿಸುತ್ತಿದ್ದ. ಅಮೆರಿಕದ ಕೋಲ್ಟ್ ಪೈಥಾನ್ 1955ರಲ್ಲಿ ಬಂದು ಹೆಸರು ಮಾಡಿದ್ದೇ ಇಂಥವರ ಕೈಯಿಂದ. ಆ ಕೂಲಿ ಕೊಟ್ಟು ಗಿಟ್ಟದೆ ಅದು ನಿಂತುಹೋಯಿತು. 2020ರಲ್ಲಿ ಮತ್ತೆ ಬಂದಾಗ ಕೈಕೆಲಸ ಕಡಿಮೆ ಬೇಡುವಂತೆ ಒಳಗಿನದನ್ನೇ ಬದಲಿಸಿದ್ದರು. ಅಲ್ಲಿಯದೇ ಇನ್ನೊಂದು ಕಂಪನಿ ಸ್ಮಿತ್ ಅಂಡ್ ವೆಸನ್ ಕೂಡ ಕೈಕೆಲಸ ತಗ್ಗಿಸಲು 1990ರ ದಶಕದಲ್ಲಿ ಟ್ರಿಗರ್, ಹ್ಯಾಮರುಗಳನ್ನು ಲೋಹದ ಪುಡಿಯನ್ನು ಅಚ್ಚಿಗೆ ತುಂಬಿ ಕಾಯಿಸಿ ಮಾಡಲು ಶುರುಮಾಡಿತು.

ಹಾಗಂತ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ರುಗರ್ ಕಂಪನಿಯ ಜಿಪಿ 100 ರಿವಾಲ್ವರ್ ನೋಡಿ. 1985ರದ್ದು, ಎರಕ ಹೊಯ್ದ ಫ್ರೇಮು, ನಯನಾಜೂಕು ಕಮ್ಮಿ, ಆದರೆ ಗಟ್ಟಿತನಕ್ಕೆ ಹೆಸರುವಾಸಿ. ಫಿಟ್ಟರ್ ಇಲ್ಲದೆ ನಡೆಯಬೇಕು ಅಂತಲೇ ಅದನ್ನು ಯೋಚಿಸಿ ಮಾಡಿದರು. ನನ್ನ ಕೈಲಿರುವುದರ ಯಡವಟ್ಟು ಬೇರೆ: ಒಳಗಿನ ವ್ಯವಸ್ಥೆ ಫಿಟ್ಟರನ್ನು ನಂಬಿಕೊಂಡ ಹಳೇ ಕಾಲದ್ದು, ಫಿಟ್ಟರ್ ಮಾತ್ರ ಇಲ್ಲ. ಕಾರ್ಖಾನೆಯಿಂದ ಹೊರಡುವ ಮುನ್ನ ಆರೂ ಕೋಣೆ ತಿರುಗಿಸಿ ನೋಡಲು ಒಂದು ನಿಮಿಷ ಬೇಕೆ?

ಮಿಕ್ಸಿ ಆಗಿದ್ದರೆ ಅಂಗಡಿಗೆ ವಾಪಸ್ ಎಸೆದು ಬರಬಹುದಿತ್ತು. ಇದು ನಂಬರ್ ಸಮೇತ ಲೈಸೆನ್ಸ್ ಪುಸ್ತಕಕ್ಕೆ ಏರಿದ ವಸ್ತು, ಬದಲಿಸಬೇಕೆಂದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ನಂತರ ಒಬ್ಬರಿಗೆ ಎರಡೇ ಆಯುಧ, ಹಾಗಾಗಿ ಇನ್ನೊಂದು ಕೊಂಡು ನೋಡೋಣ ಅನ್ನುವ ಹಾಗೂ ಇಲ್ಲ. ಕೊಳ್ಳುವವನಿಗೆ ದಾರಿಯಿಲ್ಲ ಅಂತ ಮಾಡುವವನಿಗೂ ಗೊತ್ತು, ನನಗನ್ನಿಸುವ ಮಟ್ಟಿಗೆ ಅಸಲಿ ರೋಗ ಅದೇ.

ಪ್ಲಾಸ್ಟಿಕ್ ಹಿಡಿ ತೆಗೆಸಿ, ಮೈಸೂರಿನ ಮಂಡಿ ಮೊಹಲ್ಲಾದ ಇನ್ಲೇ (ಮರದೊಳಗೆ ಮರ ಕೂರಿಸುವ) ಕೆಲಸದವರೊಬ್ಬರಿಂದ ಬೀಟೆ ಮರದ್ದು ಮಾಡಿಸಿದೆ. ಕೂದಲೆಳೆ ಸಂದಿಲ್ಲದೆ ಕೂತಿದೆ. ಈಗ ಟೈಮಿಂಗೂ ಸರಿ. ಮೂರು ಸ್ಟಾರ್ ಕೊಡ್ತೀನಿ, ಅದರಲ್ಲಿ ಒಂದು ಮೇಸ್ತ್ರಿಯವರದ್ದು.

ಕೊಳ್ಳುವವರು ಅಂಗಡಿಯಲ್ಲೇ, ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಒಂದೊಂದು ಕೋಣೆಗೂ ಟ್ರಿಗರನ್ನು ನಿಧಾನಕ್ಕೆ ಎಳೆದು ನೋಡಿ. ಬೆಳಕಿಗೆ ಹಿಡಿದು ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ಗಮನಿಸಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ, ಲೈಸೆನ್ಸಿಗೆ ನಂಬರ್ ಏರುವ ಮೊದಲೇ ಇನ್ನೊಂದು ಪೀಸ್ ಕೇಳಿ.