ಒಂದೇ ಮನೆ, ಎರಡು ಶಾಲೆ: ನವನಗರದಲ್ಲಿ ನಾವು ಕಂಡಿದ್ದು

ನಮ್ಮ ಇಬ್ಬರು ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗುತ್ತಾರೆ. ಮಗಳು ಐದನೇ ತರಗತಿ, ಮೊದಲಿನಿಂದಲೂ ಖಾಸಗಿ ಇಂಗ್ಲಿಷ್ ಮೀಡಿಯಂ. ಮಗ ಮೂರನೇ ತರಗತಿ, ಬಾಗಲಕೋಟೆ ನವನಗರದಲ್ಲಿ ನಮ್ಮ ಸೆಕ್ಟರಿನಲ್ಲೇ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅವನನ್ನು ಅಲ್ಲಿ ಹಾಕಿದಾಗ ನೆಂಟರು, ಓಣಿಯವರು ಕೇಳಿದ್ದು ಒಂದೇ: "ಅಕಿಗೆ ಅಷ್ಟು ಫೀ ಕಟ್ಟೀರಿ, ಇವಗ್ಯಾಕ ಹಿಂಗ?" ರೊಕ್ಕ ಒಂದು ಕಾರಣ ಹೌದು. ಆದರೆ ಎರಡನ್ನೂ ಹತ್ತಿರದಿಂದ ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಒಂದರಿಂದ ಮೂರನೇ ತರಗತಿವರೆಗೆ ಕಲಿಕೆಯಲ್ಲಿ, ಊಟದಲ್ಲಿ ಸರ್ಕಾರಿ ಶಾಲೆಯೇ ಮುಂದೆ. ಅದು ಹಿಂದೆ ಬಿದ್ದಿರುವುದು ನೀರು, ಶೌಚಾಲಯ ಮತ್ತು ಶಿಕ್ಷಕರ ತಲೆಗೆ ಕಟ್ಟುವ ಹೊರಗಿನ ಕೆಲಸಗಳಲ್ಲಿ.

ಮೊದಲು ಕಲಿಕೆ. ಮಗಳ ಒಂದನೇ, ಎರಡನೇ ತರಗತಿ ಪೂರ್ತಿ ಬೆಂಚು, ಡೈರಿ, ವರ್ಕ್‌ಶೀಟ್‌ಗಳಲ್ಲೇ ಹೋಯಿತು. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದಳು. ಪ್ರಶ್ನೆ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಪಟಪಟ ಹೇಳುತ್ತಿದ್ದಳು. ಅದೇ ಉತ್ತರದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಎಂದರೆ ಸುಮ್ಮನಾಗಿಬಿಡುತ್ತಿದ್ದಳು. ಆಮೇಲೆ ಸಾಲಿನ ಮೊದಲಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದು ಆ ಪದ ಮುಟ್ಟುತ್ತಿದ್ದಳು. ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಳು. ಮನೆಯಲ್ಲಿ ಯಾರೂ ಇಂಗ್ಲಿಷ್ ಮಾತಾಡದಿದ್ದಾಗ ಆರು ವರ್ಷದ ಮಗು ಇನ್ನೇನು ಮಾಡೀತು?

ಮಗನ ತರಗತಿಯ ರೀತಿಯೇ ಬೇರೆ. ಅಲ್ಲಿ ನಲಿ-ಕಲಿ ನಡೆಯುತ್ತದೆ, ಅಂದರೆ ಮಗು ಕಾರ್ಡುಗಳ ಮೂಲಕ ತನ್ನ ವೇಗದಲ್ಲೇ ಕಲಿಯುವ ಪದ್ಧತಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ನಮ್ಮದೇ ಸರ್ಕಾರಿ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರು ಮಾಡಿದ್ದು. 2009-10ರಿಂದ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಐದು ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಎಂದರೆ ಗುಂಪು. ಒಂದು ತಟ್ಟೆಯ ಜೊತೆ ಅಕ್ಕೋರು (ಟೀಚರ್) ಪೂರ್ತಿ ಕೂರುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಮಗುವೇ ನೋಡಿ, ಆ ಮೆಟ್ಟಿಲಿನ ಚಿತ್ರ, ನಂಬರು ಇರುವ ಕಾರ್ಡನ್ನು ತಾನೇ ಎತ್ತಿಕೊಂಡು ಬರಬೇಕು. ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೇ ಕರಿಹಲಗೆ, ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರು ಬರೆದ ಚಿತ್ರಗಳು ತೂಗಾಡುತ್ತವೆ.

ಇದರ ದೊಡ್ಡ ಲಾಭ ನನಗೆ ಗೊತ್ತಾಗಿದ್ದು ಜನವರಿಯಲ್ಲಿ. ಬನಶಂಕರಿ ಜಾತ್ರೆಗೆಂದು ಬಾದಾಮಿಯ ಅಜ್ಜಿ ಮನೆಗೆ ಹೋದವನು ಜ್ವರ ಹಿಡಿಸಿಕೊಂಡು ಬಂದ. ಶಾಲೆ ತಪ್ಪಿತು. ವಾಪಸ್ ಹೋದ ದಿನ ತಾನು ಬಿಟ್ಟಿದ್ದ ಕಾರ್ಡೇ ಎತ್ತಿಕೊಂಡು ಕೂತ. ಮಗಳು ಹೀಗೆ ಶಾಲೆ ತಪ್ಪಿಸಿದರೆ ಪಾಠ ಮುಂದೆ ಹೋಗಿರುತ್ತಿತ್ತು. ನಾವು ವಾಟ್ಸ್‌ಆ್ಯಪ್‌ನಲ್ಲಿ ಬೇರೆ ಮಕ್ಕಳ ನೋಟ್ಸ್ ಬೇಡಿ, ರಾತ್ರಿ ಕೂತು ಬರೆಸಬೇಕಿತ್ತು.

ಇಂಗ್ಲಿಷಿನ ಲೆಕ್ಕ ಮಾತ್ರ ಬೇರೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯ. ಆದರೂ ಮಗನಿಗೆ ಮಾತಾಡಲು ಹಿಂಜರಿಕೆ. ಮಗಳಿಗೆ ಆ ಭಯವೇ ಇಲ್ಲ, ತಪ್ಪೋ ಸರಿಯೋ ಮಾತಾಡುತ್ತಾಳೆ. ಇದನ್ನು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಆದರೆ ಮಗ ಈಗ ಪೇಪರಿನ ಹೆಡ್ಡಿಂಗುಗಳನ್ನು ತಾನಾಗಿ ಓದುತ್ತಾನೆ. ಓದು ಒಂದು ಭಾಷೆಯಲ್ಲಿ ಗಟ್ಟಿಯಾದ ಮಗುವಿಗೆ ಇನ್ನೊಂದು ಭಾಷೆ ಕಷ್ಟವಾಗದು ಅಂತ ನನ್ನ ನಂಬಿಕೆ.

ಊಟದ ವಿಷಯದಲ್ಲಿ ಹೋಲಿಕೆಯೇ ಇಲ್ಲ. ಮಗಳ ಡಬ್ಬಿ ಬೆಳಿಗ್ಗೆ ಕಟ್ಟಿದ್ದು, ಮಧ್ಯಾಹ್ನಕ್ಕೆ ತಣ್ಣಗಾಗಿರುತ್ತದೆ. ಪಕ್ಕದವರು ನೂಡಲ್ಸ್ ತಂದಿದ್ದರೆ ನಮ್ಮ ರೊಟ್ಟಿ-ಪಲ್ಯ ಹಾಗೇ ವಾಪಸ್. ಮಗನಿಗೆ ಬಿಸಿಯೂಟ. 2002-03ರಲ್ಲಿ ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಐದನೇ ತರಗತಿವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯದ ಲೆಕ್ಕ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದ 150 ಮಿ.ಲೀ. ಹಾಲು. 2024ರ ಸೆಪ್ಟೆಂಬರಿನಿಂದ ಮೊಟ್ಟೆ ವಾರಕ್ಕೆ ಆರು ದಿನ, ಒಲ್ಲದವರಿಗೆ ಬಾಳೆಹಣ್ಣು. ಸಾಂಬಾರು ಕೆಲವು ದಿನ ತೀರಾ ನೀರಾಗಿರುತ್ತದೆ, ಅದೂ ನಿಜ. ಆದರೆ ಮನೆಯಲ್ಲಿ ಬದನೆಕಾಯಿ ಮುಟ್ಟದ ಹುಡುಗ ಅಲ್ಲಿ ಗೆಳೆಯರ ಸಾಲಿನಲ್ಲಿ ಕೂತು ತಟ್ಟೆ ಖಾಲಿ ಮಾಡುತ್ತಾನೆ. ಅಡುಗೆ ಮಾಡುವವರು ನಮ್ಮ ಸೆಕ್ಟರಿನ ಹೆಣ್ಣುಮಕ್ಕಳೇ. ಯಾವ ಮಗು ಉಣ್ಣಲಿಲ್ಲ ಅಂತ ಸಂಜೆ ದಾರಿಯಲ್ಲಿ ಸಿಕ್ಕಾಗ ಹೇಳುತ್ತಾರೆ.

ಪುಸ್ತಕ, ಸಮವಸ್ತ್ರ, ಶೂ ಎಲ್ಲ ಉಚಿತ. ಶಾಲೆ ನಡೆದು ಹೋಗುವಷ್ಟು ಹತ್ತಿರ, ಆಡಲು ದೊಡ್ಡ ಮೈದಾನ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರಿಗಾಗಿ ಅಳತೆ ಹಾಕಿ ಕಟ್ಟಿದ ಊರಲ್ವಾ ಇದು, ಜಾಗಕ್ಕೆ ಕೊರತೆಯಿಲ್ಲ. ಮಗಳು ವ್ಯಾನಿನಲ್ಲಿ ಊರೆಲ್ಲ ಸುತ್ತಿ ಮನೆ ಮುಟ್ಟುತ್ತಾಳೆ, ಆಡಲು ಶಕ್ತಿ ಉಳಿದಿರುವುದಿಲ್ಲ.

ಇನ್ನು ಸರ್ಕಾರಿ ಶಾಲೆ ಸೋಲುವ ಜಾಗ. ಮಗಳ ಶಾಲೆಯಲ್ಲಿ ಶೌಚಾಲಯಕ್ಕೆ ಆಯಾ ಇದ್ದಾರೆ, ನೀರು ಸದಾ ಬರುತ್ತದೆ, ನೆಲ ಒಣಗಿರುತ್ತದೆ. ಇಲ್ಲಿ ಕಟ್ಟಡ ಚೆನ್ನಾಗಿಯೇ ಇದೆ, ನಲ್ಲಿಯಲ್ಲಿ ನೀರು ಬರುವುದು ಖಾತ್ರಿಯಿಲ್ಲ. ತೊಳೆಯಲು ಕಾಯಂ ಆಳಿಲ್ಲ. ಏಳನೇ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ತನಕ ನೀರೇ ಕುಡಿಯುವುದಿಲ್ಲ ಅಂತ ಅವಳ ತಾಯಿ ಹೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಏಪ್ರಿಲ್ ಬಿಸಿಲಿನಲ್ಲಿ, ಬಾಗಲಕೋಟೆಯಲ್ಲಿ, ನೀರು ಕುಡಿಯದೆ!

ಆದರೆ ಕೇಳಲು ಇಲ್ಲಿ ಒಂದು ಜಾಗವಾದರೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆ ನೋಡಿಕೊಳ್ಳುವ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ನಾವು ತಾಯಂದಿರು ಸಭೆಯಲ್ಲಿ ಪಟ್ಟು ಹಿಡಿದ ಮೇಲೆ ಹೊಸ ಟ್ಯಾಂಕ್ ಬಂತು. ತೊಳೆಯುವ ಆಳಿನ ಮಾತು ಇನ್ನೂ ನಡೆಯುತ್ತಲೇ ಇದೆ. ಮಗಳ ಶಾಲೆಯಲ್ಲಿ ವರ್ಷದ ನಡುವೆ ಟೀಚರ್ ಬಿಟ್ಟು ಹೋದಾಗ ಯಾರನ್ನು ಕೇಳಬೇಕೆಂದೇ ತಿಳಿಯಲಿಲ್ಲ. ಫೀ ಕೌಂಟರಿನಲ್ಲಿ ಕೇಳಿದರೆ "ಹೊಸಬರು ಬರ್ತಾರೆ" ಎಂದಷ್ಟೇ ಉತ್ತರ.

ಶಿಕ್ಷಕರ ಹೊರಗಿನ ಕೆಲಸ ಇನ್ನೊಂದು ತಲೆನೋವು. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆ ಮನೆ ತಿರುಗಬೇಕಾಯಿತು. ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಮಗಳು ಅಷ್ಟೊತ್ತಿಗೆ ಶಾಲೆಗೆ ಹೋಗುತ್ತಿದ್ದಳು, ಮಗ ಮನೆಯಲ್ಲೇ ಇದ್ದ.

ಮೇ ತಿಂಗಳಲ್ಲಿ ಯಾರಾದರೂ ನನ್ನನ್ನು ಕೇಳಿದರೆ, ಹೆಸರು ಹಚ್ಚುವ ಮುಂಚೆ ಎರಡು ಕೆಲಸ ಮಾಡಿ ಅನ್ನುತ್ತೇನೆ. ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ನಾಲ್ಕು, ಐದನೇ ತರಗತಿಗೆ ಬೇರೆ ಶಿಕ್ಷಕರಿದ್ದಾರಾ ಅಂತ ಕೇಳಿ. ನಲಿ-ಕಲಿ ಮೂರಕ್ಕೆ ಮುಗಿಯುತ್ತದೆ, ಆಮೇಲೆ ಶಿಕ್ಷಕರು ಕಡಿಮೆ ಇದ್ದರೆ ಮಗು ಹಿಂದೆ ಬೀಳುತ್ತದೆ. ನಮ್ಮ ಶಾಲೆಯಲ್ಲಿ ಇದ್ದಾರೆ, ಹಾಗಾಗಿ ಮಗ ಜೂನ್‌ನಲ್ಲಿ ಅಲ್ಲೇ ನಾಲ್ಕಕ್ಕೆ ಹೋಗುತ್ತಾನೆ. ಮಗಳನ್ನೂ ಆರನೇ ತರಗತಿಗೆ ಇಲ್ಲಿಗೇ ತರುವ ಮನಸ್ಸಿದೆ, ಅಷ್ಟರಲ್ಲಿ ಶೌಚಾಲಯ ತೊಳೆಯಲು ಆಳು ಸಿಕ್ಕರೆ.