ಟಿಳಕವಾಡಿಯ ಭಾನುವಾರದ ಫುಟ್‌ಬಾಲ್ ತರಬೇತಿ

ಬೆಳಗಾವಿಯ ಟಿಳಕವಾಡಿಯಲ್ಲಿ ನಡೆಯುವ ಈ ತರಬೇತಿಗೆ ನನ್ನ ಮಗ ಮೂರು ತಿಂಗಳಿಂದ ಹೋಗುತ್ತಿದ್ದಾನೆ. ಇಲ್ಲಿನ ಕೋಚ್ ಸರ್ ಓಟಕ್ಕಿಂತ ಮೊದಲು ಆಟವನ್ನು ಓದುವುದನ್ನು ಕಲಿಸುತ್ತಾರೆ. ಮಿಲಾನ್ ತಂಡದ ಮಿಡ್‌ಫೀಲ್ಡರ್ ಆಗಿ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದು, ಮುಂದೆ ಮ್ಯಾನೇಜರ್ ಆಗಿ ಅದೇ ಮಿಲಾನಿಗೆ 2003 ಮತ್ತು 2007ರಲ್ಲಿ, ರಿಯಲ್ ಮ್ಯಾಡ್ರಿಡ್‌ಗೆ 2014, 2022 ಹಾಗೂ 2024ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಕಾರ್ಲೊ ಆಂಚೆಲೊಟ್ಟಿ ಅವರೇ ಸರ್ ಕೊಡುವ ನಿತ್ಯದ ಉದಾಹರಣೆ. ಆಂಚೆಲೊಟ್ಟಿ ಅವರು ಮಿಲಾನಿನ ಮಿಡ್‌ಫೀಲ್ಡರ್ ಪಿರ್ಲೊ ಅವರನ್ನು ರಕ್ಷಣಾ ಸಾಲಿನ ಮುಂದೆ ನಿಲ್ಲಿಸಿ ಆಟ ಕಟ್ಟಿದ ಬಗೆಯನ್ನು, ಸರ್ ಕೆಂಪು ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು, ಬಾಟಲಿ ಮುಚ್ಚಳಗಳನ್ನು ಜೋಡಿಸಿ ವಿವರಿಸಿದ್ದು ನನಗೆ ಬಹಳ ಹಿಡಿಸಿತು. ಗೋಲು ಹೊಡೆಯುವ ಹಂಬಲವೊಂದೇ ಇದ್ದ ಮಗ ಈಗ ಚೆಂಡು ಬರುವ ಮೊದಲೇ ತಲೆಯೆತ್ತಿ ಜೊತೆಗಾರರು ಎಲ್ಲಿದ್ದಾರೆಂದು ನೋಡುತ್ತಾನೆ. ಮಳೆಯಿಂದ ತರಗತಿ ರದ್ದಾದ ಸುದ್ದಿ ಮಾತ್ರ ನಾವು ಮೈದಾನ ತಲುಪಿದ ಮೇಲೆ ಬರುತ್ತದೆ, ಅದನ್ನು ತಿದ್ದಿಕೊಳ್ಳಬೇಕು.