ಗಾಳಿಬೀಡು ರೋಡಲ್ಲಿ ಒಂದು ಪಾತಾಳ: ಮೂರು ಶನಿವಾರ ಆಡಿ ಬಂದ ಮೇಲೆ

ಮಳೆಗಾಲದಲ್ಲಿ ಮಡಿಕೇರೀಲಿ ಸಂಜೆ ಆರರ ಮೇಲೆ ಏನ್ ಮಾಡೋದು ಅನ್ನೋದು ಇಲ್ಲಿರೋ ಎಲ್ಲರ ಸಮಸ್ಯೆ, ಕರೆಂಟ್ ಹೋಗುತ್ತೆ, ಹಿಂದೇನೇ ನೆಟ್ಟೂ ಹೋಗುತ್ತೆ, ಆಮೇಲೆ ಒಣಗದ ಬಟ್ಟೆ ನೋಡ್ಕೊಂಡು ಕೂರೋದು. ಹಂಗಾಗಿ ಗಾಳಿಬೀಡು ರೋಡಲ್ಲಿ ಒಂದು ಹೋಮ್‌ಸ್ಟೇಲಿ ಶನಿವಾರ ಶನಿವಾರ ಕಥೆ ಆಟ ಆಡಿಸ್ತಾರಂತೆ, ಬರ್ತೀಯಾ ಅಂತ ಫ್ರೆಂಡ್ ಕೇಳಿದಾಗ ಯೋಚನೇನೇ ಮಾಡ್ಲಿಲ್ಲ. ತಲೆಗೆ 700 ರೂಪಾಯಿ, ರಾತ್ರಿ ಊಟ ಸೇರಿ. ಒಂದ್ಸಲಕ್ಕೆ ಆರೇ ಜನ, ಅದಕ್ಕೇ ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ.

ಆಟ ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ ಇದು ಡಂಜನ್ಸ್ ಅಂಡ್ ಡ್ರಾಗನ್ಸ್ ಥರದ್ದು, 1974ರಲ್ಲಿ ಅಮೆರಿಕಾದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ರು ತಂದಿದ್ದು. ಒಬ್ರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ, ಆಗುತ್ತೋ ಇಲ್ವೋ ಅಂತ ಡೌಟ್ ಬಂದ್ರೆ 20 ಮುಖದ ದಾಳ ಉರುಳಿಸೋದು, ದೊಡ್ಡ ನಂಬರ್ ಬಿದ್ರೆ ಆಗುತ್ತೆ, ಚಿಕ್ಕದು ಬಿದ್ರೆ ಇಲ್ಲ. ಇಲ್ಲಿ ಕಥೆ ನಡೆಸೋದು ಆ ಮನೆ ಅಂಕಲ್, ರಿಟೈರ್ ಆಗಿದಾರೆ, ಮಫ್ಲರ್ ಸುತ್ಕೊಂಡು ಕೂತ್ರೆ ಮೂರು ಗಂಟೆ ಅಲ್ಲಾಡಲ್ಲ.

ಕಥೆ ನಡೆಯೋ ಊರು ಅವರೇ ಕಲ್ಪಿಸಿ ಕಟ್ಟಿದ್ದು, ಹೆಸರು ಕೆಳಪೇಟೆ. ಬೆಟ್ಟದ ಹೊಟ್ಟೆಯೊಳಗೆ ಯಾರಿಗೂ ಗೊತ್ತಿಲ್ದೇ ಇರೋ ಪಟ್ಟಣ. ಕುಳ್ಳರು, ಗಾಬ್ಲಿನ್‌ಗಳು (ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಕೀಳಾಗಿ ನೋಡೋ ಪುಟ್ಟ ಜೀವಿಗಳು), ನಾಗರು, ಎಲ್ಫ್‌ಗಳು (ಚೂಪು ಕಿವಿಯ, ಯಕ್ಷರ ಥರದವರು), ಮೇಲಿಂದ ಓಡಿ ಬಂದ ಮನುಷ್ಯರು, ಎಲ್ಲಾ ಜಗಳ ಇಲ್ದೇ ಇದಾರೆ. ಮ್ಯಾಪ್ ಬರೆದಿರೋದು ಹಳೇ ಬೆಡ್‌ಶೀಟ್ ಮೇಲೆ, ಆದ್ರೆ ತಲೆ ಓಡಿಸಿದಾರೆ. ಟರ್ಕಿಯ ಡೆರಿಂಕುಯು ಅಂತ ನಿಜವಾಗ್ಲೂ ಒಂದು ನೆಲದಡಿ ಊರಿದೆಯಲ್ಲ, 1963ರಲ್ಲಿ ಯಾರೋ ಮನೆ ರಿಪೇರಿ ಮಾಡ್ತಾ ಗೋಡೆ ಒಡೆದಾಗ ಮತ್ತೆ ಬೆಳಕಿಗೆ ಬಂದಿದ್ದು, ಸುಮಾರು 85 ಮೀಟರ್ ಆಳ, 20,000 ಜನ ಹಿಡಿಸ್ತಿತ್ತು ಅಂತಾರೆ, ಅದರ ಚಕ್ರದಂಥ ಕಲ್ಲುಬಾಗಿಲು, ಗಾಳಿಬಾವಿ, ಮೇಲಿನ ಅಂತಸ್ತಲ್ಲಿ ದನದ ಕೊಟ್ಟಿಗೆ, ಎಲ್ಲಾ ಹಂಗೇ ಇಲ್ಲಿಗೆ ತಂದಿದಾರೆ. ಬಾಗಿಲು ಒಳಗಿಂದ ಮಾತ್ರ ಮುಚ್ಚೋಕಾಗೋದು. ಬೆಳಕಿಗೆ ಏನು ಅಂದ್ರೆ ನಾಗರ ಹೆಡೆಯ ಮಣಿ, ಪಾತಾಳದಲ್ಲಿ ಸೂರ್ಯ ಇಲ್ಲ, ಹಾವುಗಳ ಮಣಿಯಿಂದಾನೇ ಕತ್ತಲೆ ಹೋಗೋದು ಅಂತ ಭಾಗವತದಲ್ಲೇ ಇದೆಯಲ್ಲ. ಊಟಕ್ಕೆ ಅಣಬೆ. ಅದು ನಮ್ಮ ತೋಟದ ಹುತ್ತದಿಂದ ಬಂದ ಐಡಿಯಾ ಅಂತೆ, ಗೆದ್ದಲು ತನ್ನ ಹಿಕ್ಕೆಯಿಂದಾನೇ ಮಡಿ ಕಟ್ಟಿ ಒಳಗೆ ಬೂಷ್ಟು ಬೆಳೆಸುತ್ತೆ, ಮಳೆ ಬಂದಾಗ ನಾವು ಹುತ್ತದ ಮೇಲಿಂದ ಕಿತ್ಕೊಂಡು ಬರೋ ಕುಮ್ಮು, ಅಂದ್ರೆ ಅಣಬೆ, ಅದೇ ಬೂಷ್ಟಿನದ್ದು.

ಇಷ್ಟೆಲ್ಲಾ ಇದ್ರೂ ಮೊದಲ ಶನಿವಾರ ಬೋರ್ ಹೊಡೀತು, ಸುಳ್ಳು ಯಾಕೆ ಹೇಳ್ಲಿ. ಎಲ್ಲರೂ ಒಳ್ಳೆಯವರು, ಹೋದಲ್ಲೆಲ್ಲಾ ನಮಸ್ಕಾರ, ಬನ್ನಿ ಕೂತ್ಕೊಳ್ಳಿ, ಎಲ್ಫ್ ಹಾಡ್ತಾಳೆ ಕುಳ್ಳ ಕುಣೀತಾನೆ, ಸ್ಕೂಲ್ ಡೇ ಥರ. ನಾನು ನಾಗ ಆಗಿದ್ದೆ, ಒಂದೂವರೆ ಗಂಟೇಲಿ ದಾಳ ಮುಟ್ಟಿದ್ದು ಎರಡೇ ಸಲ.

ಆವಾಗ ನನ್ನ ಫ್ರೆಂಡ್ ಬಾಯಿ ಬಿಟ್ಲು. ಅವಳು ಸಿದ್ದಾಪುರ ಕಡೆ ಎಸ್ಟೇಟ್ ಲೈನ್ ಮನೇಲಿ, ಅಂದ್ರೆ ತೋಟದ ಕೂಲಿಯವರ ಸಾಲುಮನೇಲಿ ಬೆಳೆದವಳು, ಮಾತು ಕಮ್ಮಿ. "ಅಂಕಲ್, ಇಷ್ಟು ಜನ ಮುಚ್ಚಿದ ಗುಹೆಯೊಳಗೆ ಇದಾರಲ್ಲ, ಇವರ ಹೇಲು ಯಾರು ಹೊರ್ತಾರೆ?" ಅಂದ್ಲು. ಅಂಕಲ್ ಒಂದ್ಸಲ ನೋಟ್‌ಬುಕ್ ನೋಡಿದ್ರು, ಅದರಲ್ಲಿ ಇರ್ಲಿಲ್ಲ, "ಗಾಬ್ಲಿನ್‌ಗಳು ಹೊರ್ತಾರಮ್ಮ" ಅಂದ್ಬಿಟ್ರು. ಅವಳು "ಹ್ಞಾಂ, ಅದೇ ಅಂದ್ಕೊಂಡೆ" ಅಂತ ದಾಳ ಕೆಳಗಿಟ್ಲು. ಅಂಕಲ್‌ಗೆ ಅರ್ಥ ಆಗೋಕೆ ಜಾಸ್ತಿ ಹೊತ್ತು ಬೇಕಾಗ್ಲಿಲ್ಲ. ಅಷ್ಟರಲ್ಲಿ ಆಂಟಿ ಊಟಕ್ಕೆ ಕರೆದ್ರು, ಆ ದಿನ ಆಟ ಅಲ್ಲಿಗೇ ನಿಂತೋಯ್ತು.

ನಾನು ಈ ಜಾಗಕ್ಕೆ ಮಾರ್ಕ್ಸ್ ಕೊಡ್ತಾ ಇರೋದು ಎರಡನೇ ಶನಿವಾರಕ್ಕೆ. ಅಂಕಲ್ ವಾರ ಪೂರ್ತಿ ಕೂತು ಸರದಿ ಪಟ್ಟಿ ಬರ್ಕೊಂಡು ಬಂದಿದ್ರು, ಯಾವ ಜಾತಿ ಜೀವಿ ಆದ್ರೂ ಸರಿ, ವಾರಕ್ಕೊಂದು ಗುಂಪು ಹೇಲಿನ ಗಾಡಿ ಎಳೀಬೇಕು, ಅಣಬೆ ಮಡಿಗೆ ಹಾಕ್ಬೇಕು, ತಪ್ಪಿಸಿದವರಿಗೆ ಅಣಬೆ ಇಲ್ಲ. ನಾಗರಿಗೆ ಕೈ ಇಲ್ವಲ್ಲ ಸ್ವಾಮಿ ಅಂತ ನಾನು ನುಣುಚಿಕೊಳ್ಳೋಕೆ ನೋಡಿದೆ. ಹಾಕಿ ದಾಳ ಅಂದ್ರು. ಮೂರು ಬಿತ್ತು. ಬಾಲಕ್ಕೆ ಹಗ್ಗ ಕಟ್ಕೊಂಡು ಏಳು ಅಂತಸ್ತು ಗಾಡಿ ಎಳೆದೆ, ಮುಂದೆ ಗಾಬ್ಲಿನ್ ಆಗಿದ್ದ ನನ್ನ ಫ್ರೆಂಡ್ ಮಣಿ ಹಿಡ್ಕೊಂಡು ದಾರಿ ತೋರಿಸ್ತಾ, ನಗು ತಡೆಯೋಕಾಗ್ದೇ ಟೀ ಚೆಲ್ಲಿದ್ಲು. ದಾರೀಲಿ ಕುಳ್ಳರ ಬಾವಿಗೆ ಅಣಬೆ ಮಡಿಯ ನೀರು ಇಳೀತಿದೆ ಅಂತ ಪಂಚಾಯ್ತಿ ಬೇರೆ, ಪಕ್ಕದ ತೋಟದವರ ಜೊತೆ ತೋಡಿನ ನೀರಿಗೆ ಜಗಳ ಆಡ್ತೀವಲ್ಲ, ಸೇಮ್ ಟು ಸೇಮ್, ಎರಡು ಗಂಟೆ ಹೋಗಿದ್ದೇ ಗೊತ್ತಾಗ್ಲಿಲ್ಲ. ಒಂದು ಕತ್ತಿ ಹೊರಗೆ ಬರ್ಲಿಲ್ಲ ಆದ್ರೂ ಯಾರೂ ಫೋನ್ ನೋಡ್ಲಿಲ್ಲ.

ಇನ್ನೊಂದು ವಿಷಯ ಹೇಳ್ಬೇಕು. ಮೂರನೇ ವಾರ ಬೆಟ್ಟದೊಳಗೆ ಗುಡುಗುಡು ಸದ್ದು, ಮಣ್ಣು ಉದುರುತ್ತೆ ಅಂತ ಶುರು ಮಾಡಿದ್ರು, ಟೇಬಲ್ ಪೂರ್ತಿ ಸೈಲೆಂಟ್. 2018ರ ಆಗಸ್ಟ್‌ನಲ್ಲಿ ಕೊಡಗಲ್ಲಿ ಗುಡ್ಡಗಳು ಕುಸಿದಾಗ ಇಲ್ಲೇ ಇದ್ದವರು ನಾಲ್ಕು ಜನ ಕೂತಿದ್ವಿ, ಹೊರಗೆ ನಿಜವಾದ ಮಳೆ ಬೇರೆ. ಅಂಕಲ್ ನಮ್ಮ ಮುಖ ನೋಡಿ ಕುಸಿತ ಬೇಡ ಅಂತ ಬಿಟ್ರು, ಕುಳ್ಳರು ಬಂಡೆಗೆ ಕಿವಿ ಇಟ್ಟು ಕೇಳಿ ಇದು ನೀರಿನ ಸದ್ದು ಅಂತ ಹೇಳಿದ್ರು ಅಂತ ತಿರುಗಿಸಿದ್ರು. ದುಡ್ಡು ತಗೊಂಡು ಆಡಿಸೋರಲ್ಲಿ ಇಷ್ಟು ಸೂಕ್ಷ್ಮ ನಾನು ನಿರೀಕ್ಷೆ ಮಾಡಿರ್ಲಿಲ್ಲ.

ಊಟದ ಬಗ್ಗೆ ಜಾಸ್ತಿ ಬರೆಯಲ್ಲ, ಕಡಂಬುಟ್ಟು, ಪಂದಿ ಕರಿ, ವೆಜ್‌ನವರಿಗೆ ಬೈಂಬಳೆ (ಕಳಲೆ) ಕರಿ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಕೈ ಬಿಚ್ಚಿ ಹಾಕಿದಾರೆ, ಅಷ್ಟೇ.

ಕಂಪ್ಲೇಂಟ್ ಇದೆ. ಪಾತ್ರದ ಶೀಟ್ (ನಮ್ಮ ಪಾತ್ರದ ವಿವರ ಎಲ್ಲಾ ಇರೋ ಹಾಳೆ) ಪೂರ್ತಿ ಇಂಗ್ಲಿಷ್‌ನಲ್ಲಿ, ಆಟ ಆಡೋದು ಕನ್ನಡ ಕೊಡವ ತಕ್ಕ್ ಅರೆಭಾಷೆ ಎಲ್ಲಾ ಮಿಕ್ಸ್ ಮಾಡಿ, ಶೀಟ್ ಮಾತ್ರ ಯಾಕೆ ಹಿಂಗೆ? ಪಕ್ಕದಲ್ಲಿ ಕೂತಿದ್ದ ಪಿಯುಸಿ ಹುಡುಗ ಹತ್ತು ಸಲ ಕೇಳಿದಾನೆ. ದಾಳ ಒಂದೇ ಸೆಟ್, ಅದೂ ಹಲಗೆ ಸಂದಿಗೆ ಬಿದ್ರೆ ಎಲ್ಲರೂ ಟಾರ್ಚ್ ಹಿಡ್ಕೊಂಡು ಮಂಡಿ ಊರೋದು. ಮತ್ತೆ ಗೇಟಿಂದ ಮನೆವರೆಗೆ ನಡೆಯೋ ದಾರೀಲಿ ಜಿಗಣೆ, ಉಪ್ಪು ಇಟ್ಕೊಳ್ಳಿ, ಬಿಳೀ ಸಾಕ್ಸ್ ಬೇಡ.

ಐದಕ್ಕೆ ನಾಲ್ಕು. ಶೀಟ್ ಕನ್ನಡಕ್ಕೆ ಮಾಡ್ಕೊಡ್ತೀನಿ ಅಂತ ನಾನೇ ಹೇಳಿ ಬಂದಿದೀನಿ, ಬದಲಿಗೆ ನನ್ನ ನಾಗನಿಗೆ ಒಂದು ವಾರ ಗಾಡಿ ರಜೆ ಕೇಳಿದೆ, ಅಂಕಲ್ ದಾಳ ಕೈಗೆ ಕೊಟ್ರು.